ಇರುವುದೊಂದು ಹಗಲು, ನೋಡಬೇಕಾದುದು ಯಾವುದು?

ಕಣ್ಣೂರಿನ ಕಡೆಯಿಂದ ಕೊಡಗಿಗೆ ಏರಿಬರುವವರು ಕೂಟುಪುಳದ ಸೇತುವೆಯನ್ನು ದಾಟಿದರೆ ಮಾಕುಟ್ಟವೆಂಬ ಎಡೆ ಸಿಕ್ಕುತ್ತದೆ. ಊರೆಂದು ಕರೆಯುವುದು ಉಪಚಾರದ ಮಾತು. ಒಂದು ತನಿಖಾ ಠಾಣೆ, ಅರಣ್ಯ ಇಲಾಖೆಯ ಕಟ್ಟಡ, ಅಲ್ಲೊಂದು ಇಲ್ಲೊಂದು ಮನೆ. ಉಳಿದುದೆಲ್ಲ ಬ್ರಹ್ಮಗಿರಿಯ ದಟ್ಟಕಾಡು. ಇಲ್ಲಿಂದ ಪೆರುಂಬಾಡಿಯವರೆಗೆ ರಸ್ತೆಯು ಘಟ್ಟವನ್ನು ಸುತ್ತಿ ಸುತ್ತಿ ಮೇಲಕ್ಕೇರುತ್ತದೆ. ಮಳೆಗಾಲದಲ್ಲಿ ಈ ರಸ್ತೆಯನ್ನು ನಂಬಿ ಗಳಿಗೆ ಗೊತ್ತುಮಾಡಿಕೊಳ್ಳುವುದು ಜಾಣತನವಲ್ಲ. 2018ರ ಜೂನ್ ತಿಂಗಳಿನಲ್ಲಿ ಇಲ್ಲಿ ಗುಡ್ಡಗಳು ಕುಸಿದು ಸಂಚಾರವೇ ನಿಂತುಹೋಗಿದ್ದುದನ್ನು ವಾಚಕರಲ್ಲಿ ಕೆಲವರಾದರೂ ನೆನೆಯಬಲ್ಲರು.

ಮಳೆಗಾಲ ಮುಗಿಯಲು ಬಂದ ಒಂದು ಬೆಳಗ್ಗೆ ನಾವು ಆ ಮಾಕುಟ್ಟದಲ್ಲಿ ಎರಡು ಗಂಟೆ ಕಾಲ ಸುಮ್ಮನೆ ಕುಳಿತಿರಬೇಕಾಯಿತು. ಮೇಲೆ ಎಲ್ಲಿಯೋ ಮರವೊಂದು ದಾರಿಗಡ್ಡವಾಗಿ ಬಿದ್ದಿತ್ತು. ಅದನ್ನು ಕೊಯ್ದು ತೆಗೆಯುವವರೆಗೆ ಬಂಡಿಗಳೆಲ್ಲ ಸಾಲಾಗಿ ನಿಂತಿದ್ದವು. ನಮ್ಮೊಡನೆ ಇದ್ದವರು ನಮ್ಮ ಅಕ್ಕ, ಅಮೆರಿಕದಿಂದ ಅಂದೇ ಬಂದಿಳಿದಿದ್ದ ಆಕೆಯ ಮಗ, ಸೊಸೆ, ಮತ್ತು ಹತ್ತು ವರ್ಷದ ಮೊಮ್ಮಗ. 2018ರ ಡಿಸೆಂಬರಿನಲ್ಲಿ ಮಟ್ಟನ್ನೂರಿನ ಬಳಿ ಕಣ್ಣೂರು ವಿಮಾನ ನಿಲ್ದಾಣವು ತೆರೆದಮೇಲೆ ವಿರಾಜಪೇಟೆಯವರಿಗೆ ಆ ದಾರಿಯೇ ಹತ್ತಿರವಾಗಿದೆ. ಮಕ್ಕಳಿಗೆ ಕೊಡಗಿನಲ್ಲಿ ದೊರೆತದ್ದು ಒಂದೇ ಹಗಲು. ಮರುದಿನ ನಸುಕಿನಲ್ಲಿಯೇ ಬೆಂಗಳೂರಿಗೆ ಹೊರಡಬೇಕು. ಅಲ್ಲಿ ಸೊಸೆಯ ತವರಿನಲ್ಲಿ ಮದುವೆ. ಅಕ್ಕನಿಗೆ ಎಪ್ಪತ್ತೆಂಟು ವರ್ಷ, ಮೊಣಕಾಲು ನೋವು. ಮಗನ ಮುಂದಿನ ಬರವು ಎಂದೋ ಹೇಳಬರುವಂತಿಲ್ಲ. ಆ ಒಂದು ಹಗಲನ್ನು ಎಲ್ಲರೂ ಒಟ್ಟಿಗೆ ಕಳೆಯಬೇಕು, ಕೊಡಗಿನ ಹಳೆಯ ನೆಲೆಗಳಲ್ಲಿ ಒಂದನ್ನಾದರೂ ನೋಡಬೇಕು ಎಂಬುದು ಮೊದಲೇ ಆಗಿದ್ದ ಮಾತು. ಯಾವುದನ್ನು ಎಂಬುದು ಮಾತ್ರ ಗೊತ್ತಾಗಿರಲಿಲ್ಲ.

ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತು ಅಳಿಯನು ಒಂದು ಸಂಗತಿಯನ್ನು ಹೇಳಿದನು. ಹಿಂದಿನ ವರ್ಷ ಅವರು ವಿಹಾರದ ಹಡಗೊಂದರಲ್ಲಿ ಮೆಕ್ಸಿಕೋ ದೇಶದ ಕಡೆಗೆ ಹೋಗಿದ್ದರಂತೆ. ಹಡಗು ಕೊಸುಮೆಲ್ ಎಂಬ ದ್ವೀಪದಲ್ಲಿ ಒಂದು ಹಗಲು ನಿಂತಿತು. ಆ ಸೀಮೆಯೆಲ್ಲ ಮಾಯಾ ಜನರು ಕಟ್ಟಿ ಬಿಟ್ಟುಹೋದ ನಗರಗಳ ಪಾಳುನೆಲೆಗಳಿಂದ ತುಂಬಿದುದು. ಹಡಗಿನವರು ಮೂರು ನಾಲ್ಕು ಹೆಸರುಗಳನ್ನು ಮುಂದಿಟ್ಟು, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರು. ಇವರು ಎಲ್ಲಕ್ಕಿಂತ ದೊಡ್ಡ ಹೆಸರಾದ ಚಿಚೆನ್ ಇಟ್ಜಾವನ್ನು ಆರಿಸಿದರು. ಅಲ್ಲಿನ ಮೆಟ್ಟಿಲು ಗೋಪುರದ ನಾಲ್ಕು ಪಕ್ಕಗಳಲ್ಲಿ ಒಂದೊಂದಕ್ಕೆ 91 ಮೆಟ್ಟಿಲು. ನೆತ್ತಿಯ ಒಂದನ್ನು ಕೂಡಿಸಿದರೆ 365, ವರ್ಷದ ದಿನಗಳಷ್ಟು. ನೋಡತಕ್ಕದ್ದೇ ಸರಿ. ಆದರೆ ದ್ವೀಪದಿಂದ ದಡಕ್ಕೆ ದೋಣಿಯಲ್ಲಿ ಮುಕ್ಕಾಲು ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ, ಮತ್ತೆ ಅಷ್ಟೇ ಹಿಂದಕ್ಕೆ.

“ನೋಡಲು ಸಿಕ್ಕಿದ್ದು ಒಂದೂವರೆ ಗಂಟೆ, ಮಾವ. ಅದರಲ್ಲಿ ಅರ್ಧ ಗಂಟೆ ಬಿಸಿಲಿಗೆ ಟೋಪಿ ಕೊಳ್ಳುವುದರಲ್ಲಿ ಹೋಯಿತು. ಮೆಟ್ಟಿಲನ್ನು ಈಗ ಹತ್ತಗೊಡುವುದೂ ಇಲ್ಲ. ಹಡಗು ಬಿಟ್ಟುಹೋದೀತೆಂದು ಗಡಿಯಾರವನ್ನೇ ನೋಡುತ್ತಿದ್ದೆವು” ಎಂದನು.

ಸೊಸೆಯು ಉಳಿದುದನ್ನು ಸೇರಿಸಿದಳು. ಅವರ ಜೊತೆಯವರು ಕೆಲವರು ಟುಲುಮಿಗೆ ಹೋದರು. ಅದು ಕಡಲ ದಡದ ಬಂಡೆಯ ಮೇಲಿನ ಚಿಕ್ಕ ಕೋಟೆಯೂರು, ದೋಣಿಯಿಳಿದ ಮೇಲೆ ಒಂದು ಗಂಟೆಯ ದಾರಿ. ವಯಸ್ಸಾದ ದಂಪತಿಗಳಿಬ್ಬರು ದ್ವೀಪವನ್ನು ಬಿಟ್ಟೇ ಹೋಗಲಿಲ್ಲ. ಕೊಸುಮೆಲಿನ ಕಾಡಿನೊಳಗೆಯೇ ಸಾನ್ ಹೆರ್ವಾಸಿಯೋ ಎಂಬ ತಗ್ಗು ಗುಡಿಗಳ ಗುಂಪಿದೆ. ಅದು ಇಶ್ ಚೆಲ್ ಎಂಬ ದೇವಿಯ ಕ್ಷೇತ್ರ. ಚಂದ್ರನಿಗೂ ಬಸಿರು ಬಾಣಂತನಗಳಿಗೂ ಆಕೆ ಒಡತಿ. ಹಿಂದೆ ಆ ನಾಡಿನ ಹೆಂಗಸರು ದೋಣಿಗಳಲ್ಲಿ ಕಡಲು ದಾಟಿಬಂದು ಆಕೆಗೆ ಹರಕೆ ಒಪ್ಪಿಸುತ್ತಿದ್ದರಂತೆ. “ಆ ಅಜ್ಜ ಅಜ್ಜಿ ಮರದ ನೆರಳಲ್ಲಿ ಮಧ್ಯಾಹ್ನದವರೆಗೆ ಕುಳಿತು ಬಂದರು. ರಾತ್ರಿ ಊಟಕ್ಕೆ ಕೂತಾಗ ಹೇಳುವುದಕ್ಕೆ ಮಾತಿದ್ದುದು ಅವರಲ್ಲಿ ಮಾತ್ರ” ಎಂದಳು.

ಈ ಪೇಚು ದೂರದ ಹಡಗುಗಳಿಗೆ ಮಾತ್ರ ಸೇರಿದುದೆಂದು ವಾಚಕರು ತಿಳಿಯಬಾರದು. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಳಿಯುವ ವಿದೇಶೀಯರೂ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯೋ, 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟನೋ ಎಂದು ಹೀಗೆಯೇ ತೂಗಿ ನೋಡುತ್ತಾರೆ. ನೆಂಟರ ಮನೆಗೆ ಎರಡು ದಿನಕ್ಕೆಂದು ಹೋಗುವ ನಮ್ಮ ನಿಮ್ಮೆಲ್ಲರ ಪಾಡೂ ಅದೇ.

ಸರಿ, ನಮ್ಮ ತೂಕವು ಮೊದಲಾಯಿತು. ಹುಡುಗನಿಗೆ ಮಡಿಕೇರಿಯೇ ಆಗಬೇಕು; ಕೋಟೆಯ ಅಂಗಳದಲ್ಲಿ ನಿಂತಿರುವ ಗಾರೆಯ ಆನೆಗಳೆರಡರ ಚಿತ್ರವನ್ನು ಅವನು ನೋಡಿದ್ದನು. ಮಡಿಕೇರಿಗೆ ಹೋದರೆ ನೋಡುವುದಕ್ಕೆ ಕೊರತೆಯಿಲ್ಲ ಎಂಬುದು ನಿಜ. 1681ರಲ್ಲಿ ಮುದ್ದುರಾಜನು ಮಣ್ಣಿನಿಂದ ಕಟ್ಟಿಸಿದ ಕೋಟೆಯನ್ನು ಟೀಪು ಕಲ್ಲಿನಲ್ಲಿ ಕಟ್ಟಿಸಿದನು; ಒಳಗಿನ ಅರಮನೆಯು 1812ರಿಂದ 1814ರವರೆಗೆ ಲಿಂಗರಾಜನ ಕಾಲದಲ್ಲಿ ಎದ್ದುದು. 1820ರ ಓಂಕಾರೇಶ್ವರ, ಊರಂಚಿನ ಗದ್ದಿಗೆಗಳು, ಎಲ್ಲವೂ ಒಂದೇ ಊರಿನಲ್ಲಿವೆ. ಆದರೆ ವಿರಾಜಪೇಟೆಯಿಂದ ಸುಮಾರು 20 ಮೈಲಿ, ರಜೆಯ ದಿನದ ಜನಜಂಗುಳಿ ಬೇರೆ. ಬಂಡಿ ನಿಲ್ಲಿಸುವುದಕ್ಕೆ ಎಡೆ ಹುಡುಕುವಷ್ಟರಲ್ಲಿ ಹುಡುಗನ ಆನೆಗಳಿಗೆ ನಿದ್ದೆ ಬಂದಿರುತ್ತದೆ.

ಸೊಸೆಗೆ ಮುಳ್ಳೂರಿನ ಬಸದಿಗಳ ಮೇಲೆ ಮನಸ್ಸು. ಶನಿವಾರಸಂತೆಯ ಬಳಿಯ ಆ ಮೂರು ಬಸದಿಗಳು ಕೊಂಗಾಳ್ವ ಅರಸರ ಕಾಲದವು. ಹನ್ನೊಂದನೆಯ ಶತಮಾನದ ಶಾಸನಗಳು ಅಲ್ಲಿವೆ. ಆ ಶಾಸನಗಳಲ್ಲಿ ಅರಸನ ತಾಯಿ ಪೋಚಬ್ಬರಸಿಯ ಹೆಸರು ಬರುತ್ತದೆಂಬುದನ್ನು ಆಕೆ ಎಲ್ಲಿಯೋ ಓದಿದ್ದಳು. ಒಬ್ಬ ತಾಯಿಯ ಹೆಸರನ್ನು ಸಾವಿರ ವರ್ಷದ ಕಲ್ಲಿನಲ್ಲಿ ಓದಬೇಕೆಂಬ ಆಸೆ ಒಳ್ಳೆಯದೇ. ಆದರೆ ಮುಳ್ಳೂರು ಕೊಡಗಿನ ಬಡಗಣ ಮೂಲೆ. ನಾವು ಕುಳಿತಿದ್ದುದು ಪಡುವಣ ಗಡಿಯಲ್ಲಿ. ಕೊಡಗನ್ನೆಲ್ಲ ಅಡ್ಡಹಾಯ್ದು ಹೋಗಿ ಬರಬೇಕು. ಅದು ನಮ್ಮ ಚಿಚೆನ್ ಇಟ್ಜಾ ಎಂದು ಆಕೆಯೇ ನಕ್ಕು ಕೈಬಿಟ್ಟಳು.

ಅಳಿಯನು ಇಂಜಿನಿಯರು, ಎಲ್ಲಕ್ಕಿಂತ ಹಳೆಯದೇ ಅವನಿಗೆ ಬೇಕು. ಕೊಡಗಿನಲ್ಲಿ ಜನರು ಪಾಂಡುಪಾರೆಯೆಂದು ಕರೆಯುವ ಕಲ್ಗೋರಿಗಳಿವೆ: ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸಿ ಮಾಡಿದ ಕಲ್ಲಿನ ಪೆಟ್ಟಿಗೆಗಳು, ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ದುಂಡನೆಯ ಕಂಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲ ಅಧಿಕಾರಿಗಳು ವಿರಾಜಪೇಟೆಯ ಸಮೀಪದಲ್ಲಿ ಇಂಥವನ್ನು ಅಗೆಸಿದಾಗ ಮಡಕೆಗಳು ದೊರೆತವು. ಪಾಂಡವರಿಗೂ ಇವಕ್ಕೂ ಸಂಬಂಧವಿಲ್ಲ. ಕಬ್ಬಿಣದ ಬಳಕೆಯನ್ನು ಬಲ್ಲ ಪುರಾತನರು ತಮ್ಮ ಸತ್ತವರಿಗಾಗಿ ಕಟ್ಟಿದುವು. ಸೋಮವಾರಪೇಟೆಯ ಬಳಿ ದೊಡ್ಡಮಳ್ತೆಯಲ್ಲಿ ಇವುಗಳ ಒಂದು ಗುಂಪೇ ಇದೆ. ಆದರೆ ಅದೂ ದೂರ. ಮಳೆಯಲ್ಲಿ ನೆನೆದ ಗುಡ್ಡದ ಮೇಲೆ ಅಕ್ಕನನ್ನು ನಡೆಸುವ ಬಗೆ ಹೇಗೆ?

ಹೀಗೆ ಮೂವರೂ ತಮ್ಮ ತಮ್ಮ ಪಕ್ಷವನ್ನು ಸಾಧಿಸುತ್ತಿದ್ದರು. ನಾವೂ ನಮ್ಮ ತಿಳಿವಳಿಕೆಯನ್ನು ಮೆರೆಸುವುದರಲ್ಲಿ ಹಿಂದುಳಿಯಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ನಾವು ಕುಳಿತಿದ್ದ ದಾರಿಯೇ ಚರಿತ್ರೆಯ ದಾರಿ. 1791ರಲ್ಲಿ ಅಬರ್ಕ್ರಾಂಬಿಯ ಮುಂಬಯಿ ಸೇನೆಯು ಮಲೆಯಾಳದಿಂದ ಈ ಘಟ್ಟವನ್ನೇರಿ ಬಂದಿತು, ದೊಡ್ಡ ವೀರರಾಜೇಂದ್ರನು ಆತನನ್ನು ಕಂಡನು, ಆ ಭೇಟಿಯ ನೆನಪಿಗೆ ಮರುವರ್ಷ ವಿರಾಜಪೇಟೆಯನ್ನು ಕಟ್ಟಿಸಿದನು ಎಂದು ದೀರ್ಘವಾಗಿ ಹೇಳಿದೆವು. ಹುಡುಗನು ಆಕಳಿಸಿದನು. ಆಮೇಲೆ ಅಜ್ಜಿಯ ಕಡೆಗೆ ತಿರುಗಿ, “ಅಜ್ಜಿ, ನಿನಗೆ ಯಾವುದು ಬೇಕು?” ಎಂದು ಕೇಳಿದನು.

ಆವರೆಗೆ ಆಕೆಯನ್ನು ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ನಮಗೂ ತೋಚಿರಲಿಲ್ಲ; ಕಾಲು ನೋವಿನವಳು ಬಂಡಿಯಲ್ಲಿ ಕುಳಿತಿರುತ್ತಾಳೆ ಎಂದು ಎಣಿಸಿದ್ದೆವು.

“ನನಗೇನು, ನೀವು ಹೋದಲ್ಲಿ ನಾನು” ಎಂದು ಮೊದಲು ಹೇಳಿದಳು. ಹುಡುಗ ಬಿಡಲಿಲ್ಲ. ಆಗ, “ನಾಲ್ಕುನಾಡು ಅರಮನೆ ನೋಡಬಹುದಿತ್ತು” ಎಂದಳು.

ಮದುವೆಯಾದ ಹೊಸದರಲ್ಲಿ ಭಾವನವರು ಕಕ್ಕಬ್ಬೆಯಲ್ಲಿ ಉಪಾಧ್ಯಾಯರಾಗಿದ್ದರು. ಅಕ್ಕ ಎರಡು ವರ್ಷ ಅಲ್ಲಿ ಸಂಸಾರ ಮಾಡಿದಳು. ಅರಮನೆಯು ಎರಡು ಮೂರು ಮೈಲಿಯ ದಾರಿ. ಬರುವ ಭಾನುವಾರ ಹೋಗೋಣ ಎಂದು ಭಾವನವರು ಹೇಳುತ್ತಲೇ ಇದ್ದರು. ಒಂದು ಭಾನುವಾರ ಮಳೆ, ಒಂದು ಭಾನುವಾರ ನೆಂಟರು, ಆಮೇಲೆ ಬಸಿರು, ಆಮೇಲೆ ವರ್ಗ. ಐವತ್ತು ವರ್ಷಗಳ ಹಿಂದಿನ ಮಾತು. ಭಾವನವರು ತೀರಿಕೊಂಡೇ ಒಂಬತ್ತು ವರ್ಷವಾಯಿತು. ಆ ಬಸಿರಿನ ಕೂಸು ಎದುರಿನ ಬೆಂಚಿನ ಮೇಲೆ ಚಹದ ಲೋಟವನ್ನು ಹಿಡಿದು ಕುಳಿತಿತ್ತು. “ಅಮ್ಮ, ನನಗೆ ಇದನ್ನು ಎಂದೂ ಹೇಳಿಲ್ಲವಲ್ಲ?” ಎಂದನು. “ಹೇಳುವಂಥದ್ದೇನಿದೆ ಅದರಲ್ಲಿ?” ಎಂದಳು ಅಕ್ಕ.

ಅಲ್ಲಿಗೆ ತೀರ್ಮಾನವಾಯಿತು. ದಾರಿಯೂ ಹತ್ತೂವರೆಗೆ ತೆರೆಯಿತು.

ವಿರಾಜಪೇಟೆಯಲ್ಲಿ ಬೇಗನೆ ಊಟ ಮುಗಿಸಿ ಕಡಂಗದ ಮಾರ್ಗವಾಗಿ ಹೊರಟೆವು. ಕಡಂಗವೆಂಬುದು ಇಲ್ಲಿ ಊರಿನ ಹೆಸರು. ಮೂಲದಲ್ಲಿ ಅದರ ಅರ್ಥ ಯುದ್ಧದ ಕಂದಕವೆಂದು. ಶತ್ರುವನ್ನು ತಡೆಯಲೆಂದೂ ನಾಡುನಾಡಿನ ಎಲ್ಲೆಯೆಂದೂ ಪೂರ್ವಿಕರು ತೋಡಿದ ಈ ಕಂದಕಗಳು ಬೆಟ್ಟ ಕಣಿವೆಗಳನ್ನು ದಾಟಿ ಕೊಡಗಿನ ಉದ್ದಗಲಕ್ಕೂ ಹರಿದಿವೆ. ಒಂಬತ್ತು ಹತ್ತನೆಯ ಶತಮಾನಗಳ ಶಾಸನಗಳಲ್ಲಿಯೇ ಇವುಗಳ ಮಾತು ಬರುತ್ತದೆ. ಕಾಫಿ ತೋಟದ ಅಂಚಿನಲ್ಲಿ ಅಂಥದೊಂದನ್ನು ಕಂಡು ಬಂಡಿ ನಿಲ್ಲಿಸಿದೆವು. ಜರಿಗಿಡ ಮುಚ್ಚಿದ ಹಳ್ಳ, ಆಚೆ ಎತ್ತರದ ಏರಿ. ಹುಡುಗನು ಇಳಿದು ನಿಂತರೆ ತಲೆಯೂ ಕಾಣದು. ಹಳೆಯದು ಬೇಕೆಂದಿದ್ದ ಅಳಿಯನಿಗೆ ಇದು ಸಾಕಾಯಿತು. ಹಣ ಕೊಡದೆ, ಚೀಟಿ ಕೊಳ್ಳದೆ, ಐದು ನಿಮಿಷದಲ್ಲಿ ನೋಡಿದ ಈ ಹಳ್ಳವನ್ನು ಹೊರಗಿನಿಂದ ಬಂದವರಲ್ಲಿ ನೋಡುವವರೇ ವಿರಳ.

ನಾಲ್ಕುನಾಡು ಅರಮನೆಯು ಯವಕಪಾಡಿ ಗ್ರಾಮದಲ್ಲಿ, ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿದೆ. ಟೀಪುವಿನವರು ಪಿರಿಯಾಪಟ್ಟಣದಲ್ಲಿ ಸೆರೆಯಿಟ್ಟಿದ್ದ ದೊಡ್ಡ ವೀರರಾಜೇಂದ್ರನು 1788ರಲ್ಲಿ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಗೆದ್ದಮೇಲೆ 1792ರಿಂದ 1794ರೊಳಗೆ ಇದನ್ನು ಕಟ್ಟಿಸಿದನು. ಅರಮನೆಯೆಂಬ ಮಾತನ್ನು ಕೇಳಿ ಮೈಸೂರನ್ನು ನೆನೆಯುವವರಿಗೆ ಇದು ಸಪ್ಪೆಯಾಗಿ ತೋರೀತು. ಎರಡಂತಸ್ತಿನ ಮನೆ, ಕೆತ್ತನೆಯ ಮರದ ಕಂಬಗಳು, ತಗ್ಗು ಬಾಗಿಲುಗಳು, ಬೆಳಕು ಸಾಲದ ಕೋಣೆಗಳು, ಬಣ್ಣ ಮಾಸಿದ ಗೋಡೆ ಚಿತ್ತಾರಗಳು. ಮುಂದೆ ಅಂಗಳದಲ್ಲಿ ಒಂದು ಚಿಕ್ಕ ಚೆಲುವಾದ ಮಂಟಪವಿದೆ. ಅರಸನ ಮದುವೆಗೆಂದು ಕಟ್ಟಿಸಿದುದೆಂದು ಹೇಳುತ್ತಾರೆ. ಹಾಲೇರಿ ವಂಶದ ಕೊನೆಯ ಅರಸನಾದ ಚಿಕ್ಕ ವೀರರಾಜೇಂದ್ರನು 1834ರಲ್ಲಿ ಕಂಪೆನಿಯ ಸೇನೆ ನಾಡನ್ನು ಹೊಕ್ಕಾಗ ಇಲ್ಲಿಯೇ ಬಂದು ಅಡಗಿದ್ದನು. ಇಲ್ಲಿಂದ ಮಡಿಕೇರಿಗೆ ಹೋಗಿ ಶರಣಾದವನು ಕಾಶಿಯನ್ನೂ, 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನನ್ನೂ ಕಂಡನೇ ಹೊರತು ಕೊಡಗನ್ನು ಮತ್ತೆ ಕಾಣಲಿಲ್ಲ. ಆ ವರ್ಷ ಕ್ರೈಸ್ತಳಾದ ಹುಡುಗಿಗೆ ವಿಕ್ಟೋರಿಯಾ ರಾಣಿಯೇ ದೀಕ್ಷಾಮಾತೆಯಾಗಿ ನಿಂತಳು. ಗೌರಮ್ಮನಿಗೆ ಆಗ ಇನ್ನೂ ಎಳೆಯ ಪ್ರಾಯ. ಇದನ್ನು ಹುಡುಗನಿಗೆ ಹೇಳಿದಾಗ, “ಅವಳಿಗೆ ಈ ಮನೆ ನೆನಪಿತ್ತೇ?” ಎಂದು ಕೇಳಿದನು. ಅವಳು ಹುಟ್ಟುವ ಮೊದಲೇ ಈ ಮನೆ ಕೈಬಿಟ್ಟಿತ್ತು ಎಂದೆವು.

ಬಂಡಿಯು ಅರಮನೆಯ ಹತ್ತಿರದವರೆಗೂ ಹೋಗುವುದರಿಂದ ಅಕ್ಕನಿಗೆ ಆಯಾಸವಾಗಲಿಲ್ಲ. ಮಗನ ತೋಳನ್ನು ಹಿಡಿದು ಕೆಳಗಿನ ಕೋಣೆಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಮೇಲಿನ ಅಂತಸ್ತು ಬೇಡವೆಂದಳು. ಆಮೇಲೆ ಮಂಟಪದ ಎದುರಿಗೆ ಜಗಲಿಯ ಮೇಲೆ ಕುಳಿತಳು. ನಮಗೆ ಅಲ್ಲಿ ಎರಡು ಗಂಟೆಯ ಕಾಲವಿತ್ತು. ಗಡಿಯಾರವನ್ನು ಯಾರೂ ನೋಡಲಿಲ್ಲ. ಸೊಸೆಯು ಕಂಬಗಳ ಕೆತ್ತನೆಯನ್ನು ಪುಸ್ತಕದಲ್ಲಿ ಬರೆದುಕೊಂಡಳು. ಹುಡುಗನು ಕತ್ತಲೆಯ ಕೋಣೆಗಳಲ್ಲಿ ಅಡಗಿ ಕೂಗಿ ಕೂಗಿ ದಣಿದನು. ಅಳಿಯನು ತಾಯಿಯ ಪಕ್ಕದಲ್ಲಿ ಕುಳಿತು ಕಕ್ಕಬ್ಬೆಯ ಆ ಎರಡು ವರ್ಷಗಳನ್ನು ಕೇಳಿದನು: ಬಾಡಿಗೆ ಎಷ್ಟು, ನೀರು ಎಲ್ಲಿಂದ, ಮಳೆಗಾಲದಲ್ಲಿ ಸೌದೆಗೆ ಏನು ಮಾಡುತ್ತಿದ್ದರು, ಅಪ್ಪ ಶಾಲೆಯಿಂದ ಎಷ್ಟು ಹೊತ್ತಿಗೆ ಬರುತ್ತಿದ್ದರು. ಅಕ್ಕನು ಅಷ್ಟು ಮಾತಾಡಿದುದನ್ನು ನಾವು ಈಚೆಗೆ ಕೇಳಿದ್ದಿಲ್ಲ. ನಾವು ದೂರ ಸರಿದು ಬೆಟ್ಟದ ಮೇಲಿನ ಮಂಜನ್ನು ನೋಡುತ್ತ ನಿಂತೆವು.

ಹಿಂದಿರುಗುವಾಗ ಕಕ್ಕಬ್ಬೆಯಲ್ಲಿ ಆ ಬಾಡಿಗೆಯ ಮನೆಯನ್ನು ಹುಡುಕಿದೆವು. ಅದು ಇದ್ದ ಜಾಗದಲ್ಲಿ ಈಗ ಎರಡು ಅಂಗಡಿಗಳಿವೆ. ಅಕ್ಕ ಬಂಡಿಯಿಂದ ಇಳಿಯಲಿಲ್ಲ. ಬಾವಿ ಇದ್ದುದು ಆ ಹಲಸಿನ ಮರದ ಹಿಂದೆ ಎಂದು ಕೈ ತೋರಿಸಿದಳು. ಅಳಿಯನು ಹೋಗಿ ನೋಡಿ ಬಂದು, ಬಾವಿ ಇದೆ, ಮೇಲೆ ಬಲೆ ಹೊದಿಸಿದ್ದಾರೆ ಎಂದನು.

ಮಡಿಕೇರಿಯ ಆನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇವೆ. ಹುಡುಗನು ಅದಕ್ಕಾಗಿ ಅಜ್ಜಿಯಿಂದ ಮಾತು ತೆಗೆದುಕೊಂಡು ಹೋಗಿದ್ದಾನೆ. ಭಾನುವಾರವೆಂದು ಮಾತ್ರ ಹೇಳಬೇಡ ಎಂದಳಂತೆ ಅಕ್ಕ.