ಶಾಲೆಯ ಆವರಣವೂ ಕಾಡಿನ ಎಲ್ಲೆಯೂ

ಕೋವಿಯ ಪರವಾನಗಿಯನ್ನು ಕೈಗೆ ಪಡೆದವನು ತನ್ನ ಹೆಸರು, ತಂದೆಯ ಹೆಸರು, ಕೋವಿಯ ಸಂಖ್ಯೆ ಇವೆಲ್ಲ ಸರಿಯಾಗಿ ನಮೂದಾಗಿವೆಯೇ ಎಂಬುದನ್ನು ನೋಡಿಕೊಳ್ಳುವನಲ್ಲದೆ, ಅದರೊಡನೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಷರತ್ತುಗಳನ್ನು ಓದುವ ಗೋಜಿಗೆ ಹೋಗುವುದು ಅಪೂರ್ವ. ಆ ಷರತ್ತುಗಳಲ್ಲೊಂದು ನಮ್ಮ ಪ್ರಸ್ತುತ ವಿಷಯಕ್ಕೆ ಮೂಲಾಧಾರವಾದುದು. 1959ರ ಆಯುಧ ಅಧಿನಿಯಮವು 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತಷ್ಟೆ. ಅದರ ಅಡಿಯಲ್ಲಿ ರಚಿತವಾದ 1962ರ ನಿಯಮಾವಳಿಯ ಪರವಾನಗಿ ನಮೂನೆಯಲ್ಲಿ, ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿಯಿಲ್ಲದೆ ಪರವಾನಗಿದಾರನು ತನ್ನ ಆಯುಧವನ್ನು ಜಾತ್ರೆಗಾಗಲಿ, ಧಾರ್ಮಿಕ ಮೆರವಣಿಗೆಗಾಗಲಿ, ಬೇರೆ ಯಾವ ಸಾರ್ವಜನಿಕ ಸಭೆಗಾಗಲಿ, ವಿದ್ಯಾಸಂಸ್ಥೆಯ ಆವರಣದೊಳಕ್ಕಾಗಲಿ ಒಯ್ಯಕೂಡದೆಂದು ವಿಧಿಸಲಾಗಿತ್ತು. ಜಾತ್ರೆ, ಮೆರವಣಿಗೆಗಳ ಸಾಲಿನಲ್ಲಿ ಪಾಠಶಾಲೆಯನ್ನೂ ನಿಲ್ಲಿಸಿದವರು ಯಾರೋ, ಅವರು ಲೋಕಾನುಭವವುಳ್ಳವರೇ ಸರಿ.

ಈ ಒಂದು ವಾಕ್ಯವನ್ನು ಬಿಟ್ಟರೆ, ಶಾಲೆಯಿಂದ ಇಷ್ಟು ಗಜ ದೂರದವರೆಗೆ ಕೋವಿ ಸಲ್ಲದು, ಬೇಟೆ ಸಲ್ಲದು ಎಂದು ಅಳತೆಗೋಲು ಹಿಡಿದು ಹೇಳುವ ಪ್ರತ್ಯೇಕ ಶಾಸನವು ನಮ್ಮಲ್ಲಿಲ್ಲ. ಬೀಡಿ ಸಿಗರೇಟಿನ ಮಾರಾಟಕ್ಕಾದರೋ ಅಂತಹ ಅಳತೆಯುಂಟು; 2003ರ ತಂಬಾಕು ಅಧಿನಿಯಮವು ವಿದ್ಯಾಸಂಸ್ಥೆಯ ಸುತ್ತ 100 ಗಜಗಳ ಗಡಿಯನ್ನು ಎಳೆದಿದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಕೋವಿಗೇ ಅಂತಹ ಗಡಿಯನ್ನು ಎಳೆದು, ಶಾಲೆಯಿಂದ 1000 ಅಡಿಗಳೊಳಗೆ ಬಂದೂಕು ಕೂಡದೆಂದು 1990ರಲ್ಲಿ ಶಾಸನ ಮಾಡಿದರು. ಟೆಕ್ಸಸಿನ ಪ್ರೌಢಶಾಲಾ ವಿದ್ಯಾರ್ಥಿಯೊಬ್ಬನು ಪಿಸ್ತೂಲನ್ನು ಶಾಲೆಗೆ ತಂದ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಇದು ಕೇಂದ್ರ ಶಾಸನಸಭೆಯ ಅಧಿಕಾರವನ್ನು ಮೀರಿದುದೆಂದು 1995ರಲ್ಲಿ ಅದನ್ನು ತಳ್ಳಿಹಾಕಿತು. ಮರುವರ್ಷವೇ ತಿದ್ದುಪಡಿಯೊಡನೆ ಅದು ಮತ್ತೆ ಶಾಸನಗ್ರಂಥವನ್ನು ಸೇರಿತು. ಕೋವಿಯನ್ನು ಇಟ್ಟುಕೊಳ್ಳುವುದು ಪ್ರಜೆಯ ಹಕ್ಕೆಂದು ಭಾವಿಸುವ ದೇಶದಲ್ಲಿ ಶಾಲೆಯ ಸುತ್ತ ವೃತ್ತವನ್ನು ಬರೆಯದೆ ಗತ್ಯಂತರವಿಲ್ಲ. ನಮ್ಮಲ್ಲಿ ಕೋವಿಯು ಹಕ್ಕಲ್ಲ, ಸರ್ಕಾರವು ಕೊಟ್ಟು ಹಿಂತೆಗೆದುಕೊಳ್ಳಬಹುದಾದ ಅನುಮತಿ. ಆದಕಾರಣ ನಮ್ಮ ಶಾಸನವು ಸ್ಥಳವನ್ನು ಕಾಯುವುದಕ್ಕಿಂತ ಹೆಚ್ಚಾಗಿ ಕೋವಿ ಹಿಡಿದ ಮನುಷ್ಯನನ್ನು ಹಿಂಬಾಲಿಸುತ್ತದೆ.

ಆದರೆ ಚಾಮರಾಜನಗರ ಜಿಲ್ಲೆಯ ಮಟ್ಟಿಗೆ ಶಾಸನವು ಒಂದು ವೃತ್ತವನ್ನೂ ಎಳೆದಿದೆ. ಅದು ಶಾಲೆಯ ಸುತ್ತಲ್ಲ, ಕಾಡಿನ ಸುತ್ತ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 34ನೆಯ ಪ್ರಕರಣದಂತೆ ಅಭಯಾರಣ್ಯದ ಒಳಗೂ ಅದರ 10 ಕಿಲೋಮೀಟರಿನೊಳಗೂ ವಾಸಿಸುವ ಪ್ರತಿಯೊಬ್ಬ ಪರವಾನಗಿದಾರನೂ ತನ್ನ ಆಯುಧವನ್ನು ಅರಣ್ಯಾಧಿಕಾರಿಗಳಲ್ಲಿ ನೋಂದಾಯಿಸತಕ್ಕದ್ದು. ಆ 10 ಕಿಲೋಮೀಟರಿನ ವಲಯದಲ್ಲಿ ಹೊಸ ಪರವಾನಗಿಯನ್ನು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿಯಿಲ್ಲದೆ ಕೊಡಕೂಡದು. ರಾಷ್ಟ್ರೀಯ ಉದ್ಯಾನಗಳಿಗೂ ಈ ವಿಧಿಯೇ ಅನ್ವಯಿಸುತ್ತದೆ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಈ ಜಿಲ್ಲೆಯ ಭೂಪಟವನ್ನು ಹರಡಿ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಕಾವೇರಿ, ಮಲೆ ಮಹದೇಶ್ವರ ಈ ನಾಲ್ಕು ರಕ್ಷಿತ ಪ್ರದೇಶಗಳ ಅಂಚಿನಿಂದ ಹತ್ತು ಹತ್ತು ಕಿಲೋಮೀಟರುಗಳನ್ನು ಅಳೆಯುತ್ತ ಬಂದರೆ ನಡುವೆ ಉಳಿಯುವ ನೆಲ ಎಷ್ಟೆಂಬುದನ್ನು ಓದುಗರೇ ಊಹಿಸಬಹುದು. ಗುಂಡ್ಲುಪೇಟೆ ತಾಲ್ಲೂಕಿನ ಮೇಲುಕಾಮನಹಳ್ಳಿ, ಮಂಗಲ, ಬೇರಂಬಾಡಿಗಳ ಶಾಲೆಯ ಮಕ್ಕಳು ಇಂತಹ ವಲಯದೊಳಗೇ ಅಕ್ಷರ ಕಲಿಯುವವರು. ಶಾಲೆಯ ಹೆಸರೆತ್ತದ ಕಾಡಿನ ಕಾನೂನೇ ಅವರ ಶಾಲೆಯನ್ನು ಬಂದೂಕಿನಿಂದ ದೂರವಿಟ್ಟಿರುವುದು ಒಂದು ಸೋಜಿಗ.

ಕೊಡಗಿನ ಸ್ಥಿತಿ ಬೇರೆ. ಅಲ್ಲಿಯ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇರಿಸಿಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದ್ದು, 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು. ಗುಂಡ್ಲುಪೇಟೆಯ ಅರಿಶಿನ, ಬಾಳೆ, ಸೂರ್ಯಕಾಂತಿಗಳ ಬೆಳೆಗಾರನಿಗೆ ಆ ಸೌಲಭ್ಯವಿಲ್ಲ. ಅವನಿಗೆ ಸಿಗಬಹುದಾದುದು, ಸಿಕ್ಕರೆ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಬೆಳೆರಕ್ಷಣೆಯ ಪರವಾನಗಿ. ಅದಾದರೂ ಕೊಲ್ಲುವ ಅನುಮತಿಯಲ್ಲವೆಂಬುದನ್ನು ಅನೇಕರು ಮರೆಯುತ್ತಾರೆ. ಹೊಲಕ್ಕೆ ನುಗ್ಗಿದ ಹಂದಿಯನ್ನು ಹೊಡೆಯಬೇಕಾದರೂ ಅಧಿಕೃತ ಅಧಿಕಾರಿಯ ಲಿಖಿತ ಆಜ್ಞೆ ಪ್ರತ್ಯೇಕವಾಗಿ ಬೇಕು. ಇಪ್ಪತ್ತೊಂದು ವರ್ಷ ತುಂಬದವನಿಗೆ ಕೋವಿಯ ಒಡೆತನವೇ ಇಲ್ಲ. ಆದರೂ ವಿದ್ಯಾರ್ಥಿಯ ಕೈಯಲ್ಲಿ ಶಾಸನಬದ್ಧವಾಗಿ ಕೋವಿ ಕಾಣಿಸಿಕೊಳ್ಳುವ ಪ್ರಸಂಗವೊಂದುಂಟು. 1948ರ ಅಧಿನಿಯಮದಂತೆ ರಚಿತವಾದ ಎನ್.ಸಿ.ಸಿ. ದಳದ ಕೆಡೆಟ್ಟುಗಳು ತಮ್ಮ ಕರ್ತವ್ಯದ ಅಂಗವಾಗಿ ಹಿಡಿಯುವ ರೈಫಲಿಗೆ ಆಯುಧ ಅಧಿನಿಯಮವೇ ಅನ್ವಯಿಸದು.

ಇನ್ನು ಕತ್ತಿ ಮಚ್ಚುಗಳ ಮಾತು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಮುಂದಿನ ದಾರಿಯಲ್ಲಿ ಕುಡುಗೋಲು, ಮಚ್ಚುಗಳನ್ನು ಹಿಡಿದು ಕೂಲಿಗೆ ಹೋಗುವವರ ಸಾಲು ನಮ್ಮ ಹಳ್ಳಿಗಳಲ್ಲಿ ನಿತ್ಯದ ನೋಟ. ಗೃಹಕೃತ್ಯಕ್ಕೂ ಬೇಸಾಯಕ್ಕೂ ಮಾತ್ರವೇ ರೂಪಿಸಿದ ಸಾಧನಗಳನ್ನು ಆಯುಧ ಅಧಿನಿಯಮವು ಆಯುಧಗಳ ಪರಿಧಿಯಿಂದ ಹೊರಗಿಟ್ಟಿರುವುದರಿಂದ ಅವರನ್ನು ಯಾರೂ ತಡೆಯುವಂತಿಲ್ಲ. ಆದರೆ ಅದೇ ಕೂಲಿಯವನು ಅದೇ ಮಚ್ಚನ್ನು ಹಿಡಿದು ಅಭಯಾರಣ್ಯದ ಎಲ್ಲೆಯನ್ನು ದಾಟಿದನೋ, ಅಲ್ಲಿ ಬೇರೊಂದು ಶಾಸನದ ಆಳ್ವಿಕೆ. ವನ್ಯಜೀವಿ ಅಧಿನಿಯಮದ ವ್ಯಾಖ್ಯೆಯಲ್ಲಿ ಕೋವಿ, ಬಿಲ್ಲು ಬಾಣಗಳಷ್ಟೇ ಅಲ್ಲ, ಚಾಕು, ಬಲೆ, ಕೊಕ್ಕೆ, ವಿಷ, ಉರುಳು, ಸ್ಫೋಟಕ ಇವೆಲ್ಲವೂ ಆಯುಧಗಳೇ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಅವುಗಳೊಡನೆ ಒಳಹೊಗುವುದು ಅಪರಾಧ. ಬಿಳಿಗಿರಿರಂಗನ ಬೆಟ್ಟದಲ್ಲಿ ಬುಡಕಟ್ಟಿನ ಸೋಲಿಗರ ವಸತಿಗಳಾದ ಪೋಡುಗಳೂ ಮಕ್ಕಳು ಓದುವ ಶಾಲೆಯೂ ಕಾಡಿನ ನಡುವೆಯೇ ಇರುವುದನ್ನು ನೆನೆದರೆ, ಜೇನು ಇಳಿಸಲು ಹೊರಡುವ ಸೋಲಿಗ ತಂದೆಯ ಸೊಂಟದ ಕತ್ತಿಗೆ ಈ ಶಾಸನವು ಎಷ್ಟು ಅಕ್ಷರಶಃ ತಗುಲಬೇಕೆಂಬ ಪ್ರಶ್ನೆ ಏಳುತ್ತದೆ. 2011ರಲ್ಲಿ ಇಲ್ಲಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಅವುಗಳಿಗೆ ಆಧಾರವಾದ 2006ರ ಅರಣ್ಯ ಹಕ್ಕುಗಳ ಶಾಸನವು ಕಾಡಿನ ಕಿರು ಉತ್ಪನ್ನಗಳ ಮೇಲೆ ಹಕ್ಕನ್ನು ಕೊಟ್ಟಿತಾದರೂ, ಸಾಂಪ್ರದಾಯಿಕ ಬೇಟೆಯ ಹಕ್ಕನ್ನು ಸ್ಪಷ್ಟವಾಗಿ ಹೊರಗಿರಿಸಿತು.

ವರ್ಷವರ್ಷವೂ ಅಲ್ಲದಿದ್ದರೂ ಆಗಾಗ, ಶಾಲೆಯ ಕಟ್ಟಡಕ್ಕೆ ಒಂದು ದಿನದ ಮಟ್ಟಿಗೆ ವಿಶೇಷ ರಕ್ಷಣೆ ಒದಗುವುದೂ ಉಂಟು. ಹಳ್ಳಿಯ ಮತಗಟ್ಟೆಯೆಂದರೆ ಸಾಮಾನ್ಯವಾಗಿ ಸರ್ಕಾರಿ ಶಾಲೆಯೇ ತಾನೆ. ಪ್ರಜಾಪ್ರಾತಿನಿಧ್ಯ ಅಧಿನಿಯಮದ 134-ಬಿ ಪ್ರಕರಣವು ಮತದಾನದ ದಿನ ಮತಗಟ್ಟೆಯ ನೆರೆಯಲ್ಲಿ ಆಯುಧಧಾರಿಯಾಗಿ ಸುಳಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುವುದಲ್ಲದೆ, ಅವನ ಪರವಾನಗಿಯನ್ನೂ ಕಿತ್ತುಕೊಳ್ಳುತ್ತದೆ. ಮತ ಹಾಕುವ ಹಿರಿಯರಿಗೆ ಒಂದು ದಿನ ಸಿಕ್ಕುವ ಈ ಸ್ಪಷ್ಟತೆ, ಉಳಿದ ದಿನಗಳಲ್ಲಿ ಅಲ್ಲಿ ಕುಳಿತು ಓದುವ ಕಿರಿಯರಿಗೆ ಪರವಾನಗಿಯ ಷರತ್ತೊಂದರಲ್ಲಿ ಮಾತ್ರ ಅಡಗಿದೆ.

ಬೇಟೆಯ ವಿಷಯಕ್ಕೆ ಬರೋಣ. ಈ ನಾಡು ಒಂದು ಕಾಲದಲ್ಲಿ ಬೇಟೆಗೇ ಹೆಸರಾಗಿತ್ತು. ಚಾಮರಾಜನಗರದ ಆಸುಪಾಸಿನಲ್ಲಿ ಬೀಡುಬಿಟ್ಟು ಆನೆಗಳನ್ನು ಖೆಡ್ಡಾಕ್ಕೆ ಕೆಡವಿದ ಸ್ಯಾಂಡರ್ಸನ್ ಸಾಹೇಬನು ತನ್ನ ಅನುಭವಗಳ ಗ್ರಂಥವನ್ನು ಪ್ರಕಟಿಸಿದ್ದು 1878ರಲ್ಲಿ. ಭಾರತೀಯರ ಕೈಯಿಂದ ಆಯುಧವನ್ನು ಕಿತ್ತುಕೊಂಡ ವೈಸರಾಯ್ ಲಿಟ್ಟನ್ನನ ಆಯುಧ ಕಾಯಿದೆ ಹೊರಟದ್ದೂ ಅದೇ ವರ್ಷ. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಗೂ ಮೀನುಗಾರಿಕೆಗೂ ಒಂದು ರೆಗ್ಯುಲೇಷನ್ನನ್ನು ಮಾಡಿ, 1931ರಲ್ಲಿ ಸುಮಾರು 90 ಚದರ ಕಿಲೋಮೀಟರಿನ ವನ್ಯಮೃಗಧಾಮವೊಂದನ್ನು ನಿರ್ಮಿಸಿತು. ಅದೇ ಬೆಳೆದು 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲೊಂದಾದ ಬಂಡೀಪುರವಾಯಿತು. 1972ರ ಅಧಿನಿಯಮವು ಲೈಸೆನ್ಸಿನ ಬೇಟೆಗೆ ಸ್ವಲ್ಪ ಅವಕಾಶವನ್ನು ಉಳಿಸಿತ್ತು, 1991ರ ತಿದ್ದುಪಡಿಯು ಅದನ್ನೂ ತೆಗೆದುಹಾಕಿತು. ಅಂದಿನಿಂದ ಶಾಲೆಯ ಬಳಿ ಬೇಟೆ ನಿಷಿದ್ಧವೇ ಎಂಬ ಪ್ರಶ್ನೆಯೇ ನಿರರ್ಥಕ. ಅನುಸೂಚಿತ ವನ್ಯಪ್ರಾಣಿಯ ಬೇಟೆ ಎಲ್ಲೆಡೆಯೂ ನಿಷಿದ್ಧ.

ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳೊಡ್ಡುವುದು, ವಿಷವಿಕ್ಕುವುದು, ಅಟ್ಟಿಕೊಂಡು ಹೋಗುವುದು, ಗಾಯಗೊಳಿಸುವುದು, ಇಷ್ಟೇಕೆ, ಕಾಡುಹಕ್ಕಿಯ ಗೂಡನ್ನು ಕೆದಕುವುದೂ ಮೊಟ್ಟೆಗೆ ಕೈಹಾಕುವುದೂ ಅಧಿನಿಯಮದ ವ್ಯಾಖ್ಯೆಯಂತೆ ಬೇಟೆಯೇ. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಹೊಂಗೆಯ ಮರದ ಮೇಲೆ ರಬ್ಬರುಬಿಲ್ಲಿನಿಂದ ಗುರಿಯಿಡುವ ಹುಡುಗನು ತಾನು ಶಾಸನದೃಷ್ಟಿಯಲ್ಲಿ ಬೇಟೆಗಾರನೆಂದು ಅರಿತಿರಲಾರ. ಅವನನ್ನು ಠಾಣೆಗೆ ಕರೆದೊಯ್ಯುವುದರಿಂದ ಹಕ್ಕಿಗೂ ಲಾಭವಿಲ್ಲ, ಹುಡುಗನಿಗೂ ಇಲ್ಲ. ಆ ಬಿಲ್ಲು ಗುರುಗಳ ಮೇಜಿನ ಖಾನೆಯನ್ನು ಸೇರುವುದೇ ಸೂಕ್ತವಾದ ದಂಡನೆಯೆಂದು ನನಗೆ ತೋರುತ್ತದೆ.

ಕಾಡಂಚಿನ ಶಾಲೆಯ ನಿಜವಾದ ಭಯವು ಕೋವಿಯಲ್ಲಿಲ್ಲ. ಕೋವಿಗೆ ಸದ್ದುಂಟು, ಸಂಖ್ಯೆಯುಂಟು, ಒಡೆಯನೊಬ್ಬನುಂಟು. ಭಯವಿರುವುದು ಯಾರೂ ಕಾಯದೆ ತಾನೇ ಕಾದು ಕುಳಿತಿರುವ ಸಾಧನಗಳಲ್ಲಿ. ಮೋಟಾರುಬೈಕಿನ ಕ್ಲಚ್ಚಿನ ತಂತಿಯಿಂದ ಮಾಡಿದ ಉರುಳನ್ನು ಹಂದಿಗೆಂದು ಬೇಲಿಯ ಸಂದಿಯಲ್ಲಿ ಒಡ್ಡುತ್ತಾರೆ, ಅದರಲ್ಲಿ ಚಿರತೆ ಸಿಕ್ಕಿಬೀಳುತ್ತದೆ. ಬಿಡಿಸಿಕೊಳ್ಳಲು ಹೆಣಗಿ ಕೆರಳಿದ ಆ ಪ್ರಾಣಿಯ ಪಕ್ಕದ ಕಾಲುದಾರಿಯೇ ಮಕ್ಕಳು ಶಾಲೆಗೆ ಹೋಗುವ ದಾರಿಯಾಗಿರಬಹುದು. ಆನೆಯನ್ನು ತಡೆಯಲು ಅಧಿಕೃತ ಸೋಲಾರ್ ಬೇಲಿಯಲ್ಲಿ ಹರಿಯುವುದು ಕ್ಷಣಕ್ಷಣಕ್ಕೆ ಬಿಟ್ಟುಬಿಟ್ಟು ಬರುವ ಮಿಡಿತದ ವಿದ್ಯುತ್ತು, ಅದು ನೋಯಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಕಂಬದಿಂದ ಕದ್ದು ನೇರವಾಗಿ ಎಳೆದ ತಂತಿಯಾದರೋ ಆನೆಯೆಂದೂ ಮಗುವೆಂದೂ ಭೇದವೆಣಿಸದು.

ಎಲ್ಲಕ್ಕಿಂತ ಘೋರವಾದುದು ಸಿಡಿಮದ್ದು. ಹಂದಿಯು ಕಚ್ಚಿದೊಡನೆ ಸಿಡಿಯುವಂತೆ ಮದ್ದನ್ನು ತಿನಿಸಿನಲ್ಲಿ ಮುಚ್ಚಿ ಉಂಡೆ ಕಟ್ಟಿಡುವ ಈ ಹೀನ ಉಪಾಯಕ್ಕೆ ಸಿಕ್ಕಿದ ಪ್ರಾಣಿಯ ದವಡೆಯೇ ಹಾರಿಹೋಗುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಇಂತಹುದೇ ಮದ್ದಿಗೆ ಬಾಯಿಯೊಡ್ಡಿದ ಗಬ್ಬದ ಆನೆಯೊಂದು ಹೊಳೆಯಲ್ಲಿ ನಿಂತೇ ಪ್ರಾಣಬಿಟ್ಟ ಸುದ್ದಿ ದೇಶವನ್ನೆಲ್ಲ ಕಲಕಿತ್ತು. ಬಯಲಲ್ಲಿ ಬಿದ್ದಿರುವ ಗುಂಡನೆಯ ಉಂಡೆಯು ದನಕ್ಕೆ ಮೇವಾಗಿಯೂ ಮಕ್ಕಳಿಗೆ ಆಟದ ಚೆಂಡಾಗಿಯೂ ಕಾಣುವುದರಿಂದ, ಇದನ್ನು ಬರಿಯ ಬೇಟೆಯೆಂದು ಎಣಿಸುವುದು ಸಾಲದು. 1908ರ ಸ್ಫೋಟಕ ವಸ್ತುಗಳ ಅಧಿನಿಯಮವು ಪ್ರಾಣಾಪಾಯಕರವಾದ ಸ್ಫೋಟಕ್ಕೆ ಹತ್ತು ವರ್ಷಗಳಿಂದ ಆಜೀವಪರ್ಯಂತದ ಸೆರೆಯನ್ನು ವಿಧಿಸಿದೆ. ಅಭಯಾರಣ್ಯದೊಳಗಿನ ಬೇಟೆಗಾದರೆ ವನ್ಯಜೀವಿ ಅಧಿನಿಯಮದ ಶಿಕ್ಷೆ ಮೂರರಿಂದ ಏಳು ವರ್ಷ. ಒಂದೇ ಕೃತ್ಯವು ಎರಡು ಇಲಾಖೆಗಳ ವಿಷಯವಾಗುವುದರಿಂದ, ದೂರು ಪೊಲೀಸ್ ಠಾಣೆಗೂ ಅರಣ್ಯ ವಲಯ ಕಚೇರಿಗೂ ಒಟ್ಟಿಗೇ ಹೋಗುವುದು ಮೇಲು.

ಮೃಗವೇ ಊರೊಳಕ್ಕೆ ಬಂದರೆ? 2016ರ ಫೆಬ್ರುವರಿಯ ಒಂದು ಭಾನುವಾರ ಬೆಂಗಳೂರಿನ ಹೊರವಲಯದ ಶಾಲೆಯೊಂದಕ್ಕೆ ಚಿರತೆ ನುಗ್ಗಿ ಹಲವರನ್ನು ಗಾಯಗೊಳಿಸಿದಾಗ, ಅದನ್ನು ಗುಂಡಿಕ್ಕಿ ಕೊಲ್ಲದೆ ಅರಿವಳಿಕೆ ಕೊಟ್ಟೇ ಹಿಡಿದರು. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ, ಹುಂಡೀಪುರಗಳ ಕಡೆ ರೈತರನ್ನು ಬಲಿತೆಗೆದುಕೊಂಡ ಹುಲಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಸೆರೆಹಿಡಿಯಲೂ ಬೇರೆಡೆಗೆ ಸಾಗಿಸಲೂ ಅಸಾಧ್ಯವೆಂದು ಮನಗಂಡಲ್ಲದೆ ಮುಖ್ಯ ವನ್ಯಜೀವಿ ಪರಿಪಾಲಕರು ಕೊಲ್ಲುವ ಆಜ್ಞೆಯನ್ನು ಕೊಡುವಂತಿಲ್ಲ. ಮೈಮೇಲೆರಗಿದ ಮೃಗವನ್ನು ಆತ್ಮರಕ್ಷಣೆಗಾಗಿ ಸದ್ಭಾವದಿಂದ ಕೊಂದವನು ಅಪರಾಧಿಯಲ್ಲ; ಸತ್ತ ಮೃಗವು ಸರ್ಕಾರದ ಸ್ವತ್ತು. ನೋಡಲು ಮುತ್ತುವ ಜನಜಂಗುಳಿಯನ್ನು ಚದುರಿಸಲು ಜಿಲ್ಲಾಡಳಿತವು ನಿಷೇಧಾಜ್ಞೆ ಹೊರಡಿಸಬಹುದು. ಇಂತಹ ಸಮಯದಲ್ಲಿ ಮುಖ್ಯೋಪಾಧ್ಯಾಯರಿಗೆ ಉಳಿಯುವ ಕೆಲಸವೆಂದರೆ ಮಕ್ಕಳನ್ನು ಕೊಠಡಿಯೊಳಗೆ ಸೇರಿಸಿ ಬಾಗಿಲು ಹಾಕಿಕೊಂಡು 112ಕ್ಕೆ ಕರೆಮಾಡುವುದು.

ಉರುಳಾಗಲಿ ಮದ್ದಿನ ಉಂಡೆಯಾಗಲಿ ಕಣ್ಣಿಗೆ ಬಿದ್ದಾಗ ಅದನ್ನು ಮುಟ್ಟದೆ, ಮಕ್ಕಳನ್ನು ದೂರ ಸರಿಸಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ ತಿಳಿಸತಕ್ಕದ್ದು; ಅಧಿಕಾರಿಗಳು ಬರುವ ಮೊದಲೇ ಕಿತ್ತೊಗೆದರೆ ಸಾಕ್ಷ್ಯವೂ ಹೋಗುತ್ತದೆ, ಕೈಯೂ ಹೋದೀತು. ದೂರನ್ನು ಬರವಣಿಗೆಯಲ್ಲಿ ಕೊಟ್ಟು, ಶಾಲಾಭಿವೃದ್ಧಿ ಸಮಿತಿಯ ನಡವಳಿ ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಡುವುದು ಲೇಸು. ಇಷ್ಟಾದ ಮೇಲೂ ಕಚೇರಿಗಳು ಕದಲದಿದ್ದರೆ, ವನ್ಯಜೀವಿ ಅಧಿನಿಯಮದ 55ನೆಯ ಪ್ರಕರಣವು ಸಾಮಾನ್ಯ ಪ್ರಜೆಗೂ ಒಂದು ದಾರಿಯನ್ನು ತೆರೆದಿಟ್ಟಿದೆ: ಅರವತ್ತು ದಿನಗಳಿಗೆ ಕಡಿಮೆಯಿಲ್ಲದ ನೋಟೀಸನ್ನು ಕ್ರಮಪ್ರಕಾರ ಕೊಟ್ಟವನು, ಶಾಲೆಯ ಮೇಷ್ಟ್ರಾಗಿರಲಿ ಹುಡುಗನ ತಂದೆಯಾಗಿರಲಿ, ತಾನೇ ನೇರವಾಗಿ ನ್ಯಾಯಾಲಯದಲ್ಲಿ ಫಿರ್ಯಾದು ಸಲ್ಲಿಸಬಹುದು.