ಹೊಟ್ಟೆಯೊಳಗಿನ ಕಣಜ

1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಸ್ಥಾಪಿಸಿದ ನಂಜನಗೂಡಿಗೆ ಆಯುರ್ವೇದದ ‘ಕೋಷ್ಠ’ ಹೊಸ ಮಾತೇನಲ್ಲ. ಆದರೆ ಪಕ್ಕದ ಟಿ. ನರಸೀಪುರದ ರೈತರು ಭತ್ತ ತುಂಬುತ್ತಿದ್ದ ಕಣಜಕ್ಕೂ ಸಂಸ್ಕೃತದಲ್ಲಿ ಅದೇ ಹೆಸರು! ಒಳಹೊಟ್ಟೆ, ಕಣಜ, ಒಳಮನೆ ಎಂದು ಅಮರಕೋಶ ಮೂರು ಅರ್ಥ ಕೊಡುತ್ತದೆ. ನಮ್ಮ ‘ಕೊಠಡಿ’ಯೂ ಇದೇ ಬಳ್ಳಿಯದು.

ಶಾಲಾಪಠ್ಯದ ‘ಉದರ ಕುಹರ’ ವಪೆಯ ಕೆಳಗಿನ ಭಾಗ ಮಾತ್ರ. ಕೋಷ್ಠಕ್ಕೆ ಆ ಗೋಡೆಯಿಲ್ಲ. ಚರಕಸಂಹಿತೆ ಎಣಿಸುವ ಅದರ 15 ಅಂಗಗಳಲ್ಲಿ ಕರುಳಿನ ಜೊತೆ ಹೃದಯವೂ ಉಂಟು. ಕುಹರವೆಂದರೆ ಟೊಳ್ಳು, ಕೋಷ್ಠವೆಂದರೆ ಉಗ್ರಾಣ.

ಗೊಂದಲವಾಗುವುದು ಇನ್ನೊಂದು ಬಳಕೆಯಲ್ಲಿ. ‘ಮೃದು ಕೋಷ್ಠ’, ‘ಕ್ರೂರ ಕೋಷ್ಠ’ ಎಂದಾಗ ಅದು ಅಂಗವಲ್ಲ, ಕರುಳಿನ ಸ್ವಭಾವ. ಹಾಲು ಕುಡಿದರೇ ಭೇದಿಯಾಗುವವರದು ಮೃದು ಕೋಷ್ಠ. ಕ್ರೂರ ಕೋಷ್ಠದವರಿಗೆ ಹಾಲು ಏನೂ ಮಾಡದು. ನೆರೆಮನೆಯವರಿಗೆ ಒಗ್ಗಿದ ಭೇದಿಮದ್ದನ್ನು ಅದೇ ಅಳತೆಯಲ್ಲಿ ಕುಡಿದು ಸುಸ್ತಾಗಿ ಮಲಗುವವರು ಮರೆಯುವುದು ಇದನ್ನೇ.