ಉಸಿರನ್ನು ಎಣಿಸುವ ವಿದ್ಯೆ

ಮಕ್ಕಳ ವಾರ್ಡಿಗೆ ಮೊದಲ ಸಲ ಕಾಲಿಡಲಿರುವ ವೈದ್ಯ ವಿದ್ಯಾರ್ಥಿಗಳಾದ ನಾವು ಔಷಧಗಳ ಪಟ್ಟಿಗಿಂತ ಮುಂಚೆ ಕಲಿಯತಕ್ಕದ್ದು ಉಸಿರನ್ನು ಎಣಿಸುವ ವಿದ್ಯೆಯನ್ನು. ಹಸುಗೂಸು ತನ್ನ ಬೇನೆಯನ್ನು ಹೇಳಲಾರದು; ಎದೆಯ ಏರಿಳಿತದಿಂದಲೇ ನಾವು ತಿಳಿಯಬೇಕು. ಕೆಮ್ಮುವ ಮಗುವಿನ ಉಸಿರು ನಿಮಿಷಕ್ಕೆ, ಎರಡು ತಿಂಗಳೊಳಗೆ 60, ಅಲ್ಲಿಂದ ವರ್ಷ ತುಂಬುವವರೆಗೆ 50, ಬಳಿಕ ಐದು ವರ್ಷದವರೆಗೆ 40 ಮುಟ್ಟಿದರೆ ಅಥವಾ ಮೀರಿದರೆ ನ್ಯುಮೋನಿಯಾವನ್ನು ಶಂಕಿಸಬೇಕು. ಎಕ್ಸ್-ರೇ ಇಲ್ಲದ ಹಳ್ಳಿಯಲ್ಲಿಯೂ ಈ ಲೆಕ್ಕ ನಡೆಯುತ್ತದೆ. ಎಣಿಕೆ ತಪ್ಪಿದರೆ ರೋಗವೂ ಕಣ್ತಪ್ಪೀತು. ಶಿಶುವಿನ ಉಸಿರಿನ ಲಯ ಸಮನಾಗಿರದ ಕಾರಣ ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು ಸಲ್ಲದು. ಪೂರ್ತಿ ನಿಮಿಷ ಬೇಕು. ಅದೂ ಮಗು ತಾಯಿಯ ಮಡಿಲಿನಲ್ಲಿ ಶಾಂತವಾಗಿರುವಾಗ, ನಾವು ಮುಟ್ಟುವ ಮೊದಲೇ. ಗಂಟಲಿನ ಪರೀಕ್ಷೆ ಕಟ್ಟಕಡೆಗೆ: ಬಾಯಿಗೆ ಚಮಚ ಹೋದ ಮೇಲೆ ಎಣಿಸಲು ಸಿಕ್ಕುವುದು ಅಳುವೊಂದೇ!